ಬೈಯುವುದನ್ನು ಬಿಟ್ಟ ಯಂತ್ರ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಪಾಲಿಟೆಕ್ನಿಕ್ಕಿನ ಅಟೆಂಡರ್ ಯಮನೂರಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಮನೆಯಲ್ಲಿ ಯಾರಿಗೋ ಜ್ವರ ಏರಿದೆ ಎಂದು ತಿಳಿಸುವ ದನಿಯಲ್ಲಿ ಹೇಳಿದರು:

“ಅಕ್ಕಾರ, ಮಷಿನ್ ಇವತ್ತ ಬೈಲಿಲ್ರಿ.”

“ಬೈಲಿಲ್ಲಾ?”

“ಇಲ್ರಿ. ಸ್ವಿಚ್ ಹಾಕಿದೆ. ಲೈಟ್ ಹತ್ತಿದ್ವು, ಒಳಗಿನ ಫ್ಯಾನ್ ತಿರುಗಿತು. ಆಮ್ಯಾಲ ಗಪ್ ಕುಂತು ಬಿಟ್ಟೈತ್ರಿ. ಊದಿನಕಡ್ಡಿ ಹಚ್ಚಿ ನೋಡಿದೆ. ಆದ್ರೂ ಬೈವಲ್ದು.”

(ಅಟೆಂಡರರಿಗೆ ಬಹುವಚನವೇಕೆ ಎಂದು ಪತ್ರ ಬರೆಯುವ ಓದುಗರಲ್ಲಿ ಒಂದು ವಿನಂತಿ: ಏಕವಚನವೇಕೆ ಎಂಬುದಕ್ಕೆ ಮೊದಲು ನೀವು ಉತ್ತರ ಕೊಡಿ.)

ಬೈಯುವ ಯಂತ್ರವೊಂದು ಬೈಯುವುದನ್ನು ಬಿಟ್ಟರೆ ಸಂತೋಷಪಡಬೇಕಲ್ಲವೇ? ನಮ್ಮ ಗಂಗಾವತಿಯಲ್ಲಿ ಹಾಗಾಗಲಿಲ್ಲ. ಅರ್ಧ ಗಂಟೆಯೊಳಗೆ ಕಂಪ್ಯೂಟರ್ ಕೆಟ್ಟಿದೆ ಎಂಬ ಸುದ್ದಿ ಕ್ಯಾಂಪಸ್ ದಾಟಿ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಟ್ಟಿತ್ತು. ಅದು ಏಕೆ ಬೈಯುತ್ತಿತ್ತು, ಏಕೆ ಬಿಟ್ಟಿತು ಎಂಬುದನ್ನು ವಿವರಿಸದೆ ನಾನು ಮುಂದೆ ಹೋಗುವಂತಿಲ್ಲ. ಬೈಯುವಂತೆ ಮಾಡಿದವಳು ನಾನೇ.

ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ತಂತಿಯಿಂದ ಕಟ್ಟಿದ ಕೆಲವು ಪರದೆಗಳು, ಮೂಲೆಯಲ್ಲಿ ಒಂದು ಪ್ರಿಂಟರ್. ಪೆಟ್ಟಿಗೆಯೊಳಗೆ ಎಲ್ಲ ಪ್ರೋಗ್ರಾಮುಗಳ ಮೇಲೊಬ್ಬ ಯಜಮಾನ ಪ್ರೋಗ್ರಾಮು ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಉಳಿದವರೆಲ್ಲ ಅದನ್ನು ಕೇಳಿಯೇ ಹೆಜ್ಜೆ ಇಡಬೇಕು. ಯಂತ್ರದ ನೆನಪಿನಲ್ಲಿ ಯಾರಿಗೆ ಎಷ್ಟು ಜಾಗ ಕೊಡಬೇಕು, ಯಾರಿಂದ ಯಾವಾಗ ಮರಳಿ ಪಡೆಯಬೇಕು ಎಂದು ನಿರ್ಧರಿಸುವುದು ಅದರ ಮುಖ್ಯ ಕೆಲಸ. ಜಾಗವೋ ಬಹಳ ಕಡಿಮೆ. ಕರೆಂಟು ಹೋದರೆ ಅದರಲ್ಲಿದ್ದದ್ದೂ ಹೋಗುತ್ತದೆ. ಗಂಗಾವತಿಯ ಮಟ್ಟಿಗೆ ಹೇಳುವುದಾದರೆ, ದಿನವೂ ಹೋಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನವರು ಕಷ್ಟಪಡಬೇಕಿಲ್ಲ. ಯಾವುದಾದರೂ ಅಕ್ಕಿ ಗಿರಣಿಯ ಗೋದಾಮಿಗೆ ಹೋಗಿ ನಿಲ್ಲಿ. ಯಂತ್ರದ ಜೊತೆ ಬಂದ ಹಳೆಯ ಪದ್ಧತಿಯಲ್ಲಿ ಗೋದಾಮನ್ನು ಕೋಣೆಗಳಾಗಿ ಪಾಲು ಮಾಡಲಾಗಿತ್ತು. ಒಂದು ಚೀಲ ತಂದವರಿಗೂ ಒಂದು ಇಡೀ ಕೋಣೆ, ಅದಕ್ಕೊಂದು ಬೀಗ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೋಣೆಗೂ ಬೀಗ ಬಿದ್ದಿರುತ್ತಿತ್ತು, ಒಳಗೆ ಮುಕ್ಕಾಲು ಪಾಲು ಖಾಲಿ. ಯಂತ್ರ ‘ಜಾಗವಿಲ್ಲ’ ಎಂದು ನಿಂತುಬಿಡುತ್ತಿತ್ತು. (ಜಾಗವಿದ್ದೂ ಇಲ್ಲವೆನ್ನುವುದು ಯಂತ್ರಗಳಿಗೆ ಮಾತ್ರ ಸೇರಿದ ಗುಣವಲ್ಲ. ನಮ್ಮ ಹಾಸ್ಟೆಲುಗಳ ಬಗ್ಗೆ ಇದೇ ಅಂಕಣದಲ್ಲಿ ಹಿಂದೆ ಬರೆದಿದ್ದೇನೆ. ಯಾರೂ ಉತ್ತರಿಸಿಲ್ಲ.)

ನಾನು ಈ ಹಂಚಿಕೆಯ ಭಾಗವನ್ನು ಹೊಸದಾಗಿ ಬರೆದೆ. ಕೋಣೆಯ ಲೆಕ್ಕ ತೆಗೆದು ಚೀಲದ ಲೆಕ್ಕ ತಂದೆ. ಬೇಕಾದಷ್ಟೇ ಜಾಗ, ಬೇಕಾದಷ್ಟೇ ಹೊತ್ತು. ಅದನ್ನು ಕರೆಯಲು ಒಂದು ಹೊಸ ಹೆಸರನ್ನೂ ಇಟ್ಟೆ.

ಸಮಸ್ಯೆ ಅಲ್ಲಿಂದ ಶುರುವಾಯಿತು. ಪ್ರಿಂಟರನ್ನೂ ಪರದೆಗಳನ್ನೂ ನಡೆಸುವ ಪ್ರೋಗ್ರಾಮುಗಳನ್ನು ಬರೆದವರು ನನಗಿಂತ ಮೊದಲಿದ್ದ ಒಬ್ಬ ಉಪನ್ಯಾಸಕರು. ಅವರು ವರ್ಗವಾಗಿ ಹೋದರು. ಅವರ ಪ್ರೋಗ್ರಾಮುಗಳು ಉಳಿದವು. ಅವುಗಳಿಗೆ ಗೊತ್ತಿರುವುದು ಹಳೆಯ ಹೆಸರು ಮಾತ್ರ, ಕೇಳಲು ಬರುವುದು ಕೋಣೆಯ ಲೆಕ್ಕದಲ್ಲಿ ಮಾತ್ರ. ಹಳೆಯ ಹೆಸರನ್ನು ಒಮ್ಮೆಲೇ ಅಳಿಸಿದರೆ ಪ್ರಿಂಟರ್ ಮೂಕವಾಗುತ್ತಿತ್ತು. ಪ್ರಿಂಟರ್ ಮೂಕವಾದರೆ ಪ್ರಿನ್ಸಿಪಾಲರ ಹಾಜರಿ ಪಟ್ಟಿ ಬರುತ್ತಿರಲಿಲ್ಲ. ಹಾಜರಿ ಪಟ್ಟಿ ಬರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೆ ವಿವರಿಸಬೇಕಿಲ್ಲ.

ಇಂಥ ಸಂದರ್ಭಕ್ಕೆಂದೇ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಹೊಂದಾಣಿಕೆಯ ಹೊದಿಕೆ ಎನ್ನಬಹುದು. ಹಳೆಯ ಬಾಗಿಲನ್ನು ಹಾಗೆಯೇ ಉಳಿಸಿ, ಅಲ್ಲೊಬ್ಬ ಗುಮಾಸ್ತನನ್ನು ಕೂರಿಸುವುದು. ಹಳೆಯ ಹೆಸರಿನಿಂದ ಕೂಗಿದವರಿಗೆ ಅವನು ಓಗೊಡುತ್ತಾನೆ. ‘ಒಂದು ಕೋಣೆ’ ಎಂದರೆ ಇಷ್ಟು ಚೀಲದ ಜಾಗ ಎಂದು ಲೆಕ್ಕ ಮಾಡಿ, ಹಿಂಬದಿಯಿಂದ ಹೊಸ ಗೋದಾಮಿಗೆ ಹೋಗಿ, ಜಾಗ ಪಡೆದು ತಂದು ಕೊಡುತ್ತಾನೆ. ಬಿಟ್ಟು ಹೋಗುವಾಗ ಹಳಬರು ಕೀಲಿಕೈ ಎಸೆದು ನಡೆಯುತ್ತಾರೆ, ಎಷ್ಟು ಜಾಗ ಹಿಡಿದಿದ್ದೆವೆಂದು ಹೇಳುವ ರೂಢಿ ಅವರಿಗಿಲ್ಲ. ಅದನ್ನು ನೆನಪಿಟ್ಟು ಅಷ್ಟನ್ನೂ ಮರಳಿಸುವುದು ಗುಮಾಸ್ತನ ಹೊಣೆ. ಹೊರಗೆ ಹಳೆಯ ಹೆಸರು, ಒಳಗೆ ಹೊಸ ಕೆಲಸ. ಯಾರ ಕೆಲಸವೂ ನಿಲ್ಲುವುದಿಲ್ಲ.

ಆದರೆ ಹೊದಿಕೆ ಕಾಯಂ ಆಗಬಾರದು. ಆದ್ದರಿಂದ ಹಳೆಯ ಹೆಸರಿನಿಂದ ಯಾರೇ ಕರೆದರೂ ಪರದೆಯ ಮೇಲೊಂದು ಎಚ್ಚರಿಕೆ ಬರುವಂತೆ ಮಾಡಿದೆ: ‘ಇದು ಹಳೆಯ ಹೆಸರು. ಹೊಸ ಹೆಸರಿನಿಂದ ಕರೆಯಲು ಕಲಿಯಿರಿ.’ ಈ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಯಿತು. ಕನ್ನಡ ನಾಡಿನ ಪಾಲಿಟೆಕ್ನಿಕ್ಕಿಗೆ ಕನ್ನಡ ಬರದ ಯಂತ್ರವನ್ನು ತಂದವರು ಯಾರು? ತರುವಾಗ ಯಾರಾದರೂ ಕೇಳಿದರೇ? ಕೇಳಲಿಲ್ಲ.

ಒಂದು ಸೆಮಿಸ್ಟರು ಮುಗಿಯುತ್ತಲೇ ಹೊದಿಕೆಯನ್ನು ತೆಗೆಯುವುದೆಂದು ನೋಟೀಸು ಹಾಕಿದೆ. ಪ್ರಿನ್ಸಿಪಾಲರು ಅದರ ಮೇಲೆ ಇನ್ನೊಂದು ನೋಟೀಸು ಹಾಕಿ, ಮುಂದಿನ ಆದೇಶದವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು ಎಂದರು. ಮುಂದಿನ ಆದೇಶ ಇನ್ನೂ ಬಂದಿಲ್ಲ.

ಅನಂತರ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಪರದೆಗಳೆಲ್ಲ ಹಳೆಯ ಹೆಸರಿನಿಂದ ಜಾಗ ಕೇಳುತ್ತಿದ್ದವು. ಪ್ರತಿ ಪರದೆಯ ಮೇಲೂ ನನ್ನ ಎಚ್ಚರಿಕೆ ಮೂಡುತ್ತಿತ್ತು. ಯಮನೂರಪ್ಪ ಅದನ್ನು ದಿನವೂ ನೋಡಿದರು. ಎಚ್ಚರಿಕೆ ಬಂದ ದಿನ ಯಂತ್ರ ನಡೆಯಿತು, ಬಾರದ ದಿನ (ಅಂದರೆ ಕರೆಂಟು ಇಲ್ಲದ ದಿನ) ನಡೆಯಲಿಲ್ಲ. ಇದರಿಂದ ಅವರೊಂದು ನಿರ್ಣಯಕ್ಕೆ ಬಂದರು. ಬೈದರೆ ಯಂತ್ರ ಛಲೋ ಇದೆ. ವಿದ್ಯಾರ್ಥಿಗಳೂ ಅದೇ ನಿರ್ಣಯಕ್ಕೆ ಬಂದರು. ಹೊಸ ಹೆಸರಿನಿಂದ ಬರೆದ ಪ್ರೋಗ್ರಾಮು ಸದ್ದಿಲ್ಲದೆ ನಡೆದರೆ ಅವರಿಗೆ ದಿಗಿಲು. ಏನೋ ಬಿಟ್ಟುಹೋಗಿದೆ ಎಂದುಕೊಂಡು ಮತ್ತೆ ಹಳೆಯ ಹೆಸರಿಗೇ ತಿದ್ದಿ, ಬೈಸಿಕೊಂಡು, ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ನಗಬೇಡಿ. ತಹಸೀಲ್ ಕಚೇರಿಯ ಕಟ್ಟೆಯ ಮೇಲೆ ಬೆಳೆದ ಜನ ನಾವು. ಗುಮಾಸ್ತ ಬೈಯದೆ ಕಾಗದ ಕೊಟ್ಟರೆ ‘ಇದು ಖರೇನ ಐತೇನ್ರಿ?’ ಎಂದು ಪಕ್ಕದವರನ್ನು ಕೇಳುತ್ತೇವೆ. ಬೈಗುಳವನ್ನೇ ರಸೀದಿಯೆಂದು ನಂಬುವಂತೆ ಒಂದು ಸೀಮೆಯ ಜನರನ್ನು ತಿದ್ದಿ ತೀಡಿದವರು ಯಾರು? ನಿಜಾಮರ ಕಾಲದ ಕಚೇರಿಯೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕಚೇರಿಯ ಬೋರ್ಡು ಬದಲಾಗಿ ಒಂದು ತಲೆಮಾರು ಕಳೆದಿದೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಹಳೆಯ ಹೆಸರಿನಿಂದ ಕೇಳಿದವರಿಗೆ ಗುಮಾಸ್ತ ಇಡೀ ಕೋಣೆಯಷ್ಟೇ ಜಾಗ ಕೊಡಬೇಕು. ಹಳೆಯ ಹೆಸರಿಗೆ ಅದಕ್ಕಿಂತ ಚಿಕ್ಕ ಅಳತೆ ಗೊತ್ತಿಲ್ಲ. ಎಲ್ಲರೂ ಹಳೆಯ ಹೆಸರನ್ನೇ ಹಿಡಿದು ಕೂತರೆ ಹೊಸ ಗೋದಾಮು ಹಳೆಯದರಷ್ಟೇ ಬೇಗ ತುಂಬುತ್ತದೆ. ಹಾಗೆಯೇ ತುಂಬುತ್ತಿತ್ತು. ಕೊನೆಗೆ ಜಾಗ ಸಾಲದೆ ಹೊರಗೆ ನಿಲ್ಲುವವರು ಯಾರು? ತಡವಾಗಿ ಬಂದವರು.

ನಮ್ಮಲ್ಲಿ ತಡವಾಗಿ ಬಂದವರೆಂದರೆ ಹುಡುಗಿಯರು.

ಯಂತ್ರವನ್ನು ಬಳಸಲು ಪ್ರತಿಯೊಬ್ಬರಿಗೂ ಒಂದು ಲಾಗಿನ್ ಬೇಕು. ಲಾಗಿನ್ ಎಂದರೆ ಯಂತ್ರಕ್ಕೆ ಗೊತ್ತಿರುವ ಹೆಸರು. ಯಂತ್ರ ಬಂದ ವರ್ಷ ನಮ್ಮ ವಿಭಾಗದಲ್ಲಿ ಹುಡುಗಿಯರಿರಲಿಲ್ಲ. ಕಾಲೇಜಿನ ಕಮಿಟಿ ಮಂಜೂರು ಮಾಡಿದ ಹೆಸರುಗಳೆಲ್ಲ ಹುಡುಗರವು. ಮುಂದೆ ಹುಡುಗಿಯರು ಸೇರಿದಾಗ ಕಮಿಟಿ ಗಾಢವಾಗಿ ಆಲೋಚಿಸಿ, ಒಬ್ಬೊಬ್ಬ ಹುಡುಗಿಯನ್ನು ಒಬ್ಬೊಬ್ಬ ಹುಡುಗನ ಲಾಗಿನ್‌ಗೆ ‘ಲಗತ್ತಿಸಿತು’. ಕಾರಣ: ಹುಡುಗಿಯರ ಸುರಕ್ಷತೆ. ಯಂತ್ರದಿಂದ ಅವರಿಗೆ ಏನು ಅಪಾಯವಿತ್ತು ಎಂದು ನಾನು ಸಭೆಯಲ್ಲಿ ಕೇಳಿದೆ. ನನ್ನ ಪ್ರಶ್ನೆಯನ್ನು ದಾಖಲಿಸಿಕೊಳ್ಳಲಾಯಿತು.

ಮರಳಿಯ ನೀಲಮ್ಮ ಹೀಗೆ ಕುಷ್ಟಗಿಯ ಬಸವರಾಜನಿಗೆ ಲಗತ್ತಾದಳು. ಇಬ್ಬರೂ ಈಗ ಕೊನೆಯ ವರ್ಷದ ವಿದ್ಯಾರ್ಥಿಗಳು; ಬಸವರಾಜ ಒಂದು ವರ್ಷ ಮೊದಲೇ ಸೇರಿ ಒಮ್ಮೆ ಫೇಲಾದವನು. ಇಬ್ಬರ ಪ್ರಾಜೆಕ್ಟೂ ಬೇರೆ ಬೇರೆ. ಬಸವರಾಜ ಒಳ್ಳೆಯ ಹುಡುಗ. ಯಂತ್ರದ ಮೇಲೆ ಅವನಿಗೆ ವಿಶೇಷ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ನೀಲಮ್ಮ ಹಿಡಿದದ್ದು ದೊಡ್ಡ ಕೆಲಸ. ಕನ್ನಡ ಬರದ ನಮ್ಮ ಪ್ರಿಂಟರಿಗೆ ಕನ್ನಡ ಕಲಿಸುವುದು. ಒಂದೊಂದು ಅಕ್ಷರವನ್ನೂ ಚುಕ್ಕಿಗಳಲ್ಲಿ ಬಿಡಿಸಿ, ಒತ್ತು ದೀರ್ಘಗಳನ್ನು ಜೋಡಿಸಿ, ಹಾಳೆಯ ಮೇಲೆ ಮೂಡಿಸಬೇಕು. ಅದಕ್ಕೆ ನೆನಪಿನಲ್ಲಿ ಜಾಗ ಬೇಕು. ಜಾಗ ಇರಲಿಲ್ಲ.

“ಮೇಡಂ, ಹಳೇ ಹೆಸರು ಎಲ್ಲೆಲ್ಲಿ ಅದಾವು ಎಲ್ಲಾ ಕಿತ್ತು ಹೊಸಾದು ಹಾಕ್ತೀನ್ರಿ,” ಎಂದಳು ಒಂದು ದಿನ.

“ಪ್ರಿಂಟರಿನ ಪ್ರೋಗ್ರಾಮಿನಲ್ಲೂ?”

“ಅದ್ರಾಗ ಭಾಳ ಅದಾವ್ರಿ. ಒಂದ ಸಾಲು ಹೊಡಿಯಾಕ ಒಂದ ಕೋಣಿ ಹಿಡಿತೈತಿ, ಸುಡುಗಾಡದ್ದು.”

ಆಯ್ತವಾರದ ಬೆಳಿಗ್ಗೆಗಳಲ್ಲಿ ಲ್ಯಾಬಿನ ಕೀಲಿಕೈ ತೆಗೆದುಕೊಂಡು ನಾನೂ ಹೋಗಿ ಕೂರತೊಡಗಿದೆ. ಆ ಹೊತ್ತಿಗೆ ಊರಿಗೆ ಊರೇ ಹಿಂದಿ ಧಾರಾವಾಹಿಗೆಂದು ಟಿ.ವಿ. ಮುಂದೆ ಇರುತ್ತದೆ. ಯಂತ್ರ ಖಾಲಿ. ಕರೆಂಟು ತೆಗೆಯುವ ಧೈರ್ಯ ಯಾರಿಗೂ ಇಲ್ಲದ, ವಾರದ ಏಕೈಕ ಸಮಯವೂ ಅದೇ. ಕನ್ನಡಕ್ಕೆ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ಧಾರಾವಾಹಿಯವರಿಗೆ ಮನಸ್ಸಿನಲ್ಲೇ ವಂದನೆ ಹೇಳಿದೆ. ಆ ಸೋಮವಾರದ ಹಿಂದಿನ ದಿನ, ಆಯ್ತವಾರ, ನೀಲಮ್ಮ ಕೊನೆಯ ಹಳೆಯ ಹೆಸರನ್ನೂ ಕಿತ್ತಳು.

ಸೋಮವಾರ ಯಂತ್ರ ಬೈಯಲಿಲ್ಲ.

ಪ್ರಿನ್ಸಿಪಾಲರು ಕೊಪ್ಪಳದಿಂದ ಬರುವವರು. ಬಸ್ಸಿಳಿದು ಚೇಂಬರಿಗೆ ಬರುವ ದಾರಿಯಲ್ಲೇ ಅವರಿಗೆ ಸುದ್ದಿ ಮುಟ್ಟಿತ್ತು. ಬಂದವರೇ ಯಂತ್ರವನ್ನು ಆಯ್ತವಾರ ಬಳಸಿದವರು ಯಾರೆಂದು ನೋಡಿಸಿದರು. ಯಂತ್ರ ಒಂದೇ ಹೆಸರು ತೋರಿಸಿತು: ಬಸವ. ನಾನು ಬಾಯಿ ತೆರೆಯುವ ಮೊದಲೇ ಬಸವರಾಜನಿಗೆ ಕರೆ ಹೋಯಿತು.

“ನಾಡದು ಎಕ್ಸಾಮಿನರ್ ಬರ್ತಾರ. ಇವತ್ತ ಮಷಿನ್ ಕೆಡಿಸಿ ಇಟ್ಟೀಯಲ್ಲೋ!”

“ಸರ್, ಆಯ್ತವಾರ ನಾ ರೂಮಿನ ಮಾಲಕರ ಮನ್ಯಾಗ ಟಿ.ವಿ. ನೋಡಾಕತ್ತಿದ್ನಿರಿ. ಓಣಿ ಮಂದೆಲ್ಲಾ ಸಾಕ್ಷಿ ಅದಾರ.”

“ಹಂಗಾದ್ರ ಮಷಿನ್ ಸುಳ್ಳು ಹೇಳ್ತೈತೇನು?”

“ಅದಕ್ಕ ಏನ್ ಹೇಳಿಕೊಟ್ಟೀರಿ ಅದನ್ನ ಹೇಳ್ತೈತ್ರಿ ಸರ್.”

ನೀಲಮ್ಮ ಬಾಗಿಲಲ್ಲಿ ನಿಂತಿದ್ದಳು. “ಸರ್, ಅದನ್ನ ಮಾಡಿದಾಕಿ ನಾನ್ರಿ.”

“ನೀನು? ಮಷಿನ್ ಹಾಳ ಮಾಡಿದಾಕಿ ನೀನು?”

“ಹಾಳಾಗಿಲ್ರಿ ಸರ್. ಬೈಯೋದು ಬಿಟ್ಟೈತಿ ಅಷ್ಟ.”

ಎಚ್ಚರಿಕೆ ಬಾರದಿರುವುದೇ ಆರೋಗ್ಯದ ಲಕ್ಷಣ ಎಂದು ನಾನು ವಿವರಿಸಿದೆ. ಪ್ರಿನ್ಸಿಪಾಲರು ಕಿವಿಗೊಡಲಿಲ್ಲ. ಎಕ್ಸಾಮಿನರು ಬರುವ ಮೊದಲು ಯಂತ್ರ ಮೊದಲಿನಂತೆ ಬೈಯತಕ್ಕದ್ದು, ಹೇಗಾದರೂ ಮಾಡಿ ಎಂದರು. ಮಾತಿನಿಂದ ಬಗೆಹರಿಯುವುದಿಲ್ಲವೆಂದು ಕಂಡು ನೀಲಮ್ಮ ಲ್ಯಾಬಿಗೆ ಹೋಗಿ ಪ್ರಿಂಟರಿಗೆ ಒಂದು ಹಾಳೆ ಸಿಕ್ಕಿಸಿದಳು. ಅದು ಕರ್ರ್ ಕರ್ರ್ ಎಂದು ತಲೆ ಆಡಿಸಿತು. ಹಾಳೆ ಹೊರಗೆ ಬಂತು. ಬಸ್ಸಿನ ಬೋರ್ಡಿನಂತೆ ದಪ್ಪ ಅಕ್ಷರಗಳಲ್ಲಿ, ಗಂಗಾವತಿ, ಮರಳಿ, ಸಿದ್ದಾಪುರ, ಕುಷ್ಟಗಿ, ಯಲಬುರ್ಗಾ. ನಮ್ಮ ಯಂತ್ರ ಮೊದಲ ಬಾರಿಗೆ ಕನ್ನಡ ಬರೆದಿತ್ತು. ‘ದ್ದಾ’ ಒಂದಿಷ್ಟು ಓರೆಯಾಗಿತ್ತು. ನನ್ನ ಕಣ್ಣು ತುಂಬಿದವು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪ್ರಿನ್ಸಿಪಾಲರು ಹಾಳೆಯನ್ನು ಎತ್ತಿ ಹಿಡಿದರು. ಅದರ ನೆತ್ತಿಯ ಮೇಲೆ, ಎಲ್ಲ ಹಾಳೆಗಳ ಮೇಲೂ ಬರುವಂತೆ, ಲಾಗಿನ್‌ನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿತ್ತು: BASAVA. ಅವರ ಮುಖ ಅರಳಿತು.

“ಶಾಭಾಸ್, ಬಸವರಾಜ!”

ಹೀಗೆ ಹತ್ತು ನಿಮಿಷದೊಳಗೆ ಯಂತ್ರವನ್ನು ಕೆಡಿಸಿದವಳು ನೀಲಮ್ಮ, ಕನ್ನಡ ಕಲಿಸಿದವನು ಬಸವರಾಜ ಎಂದು ತೀರ್ಮಾನವಾಯಿತು. ಬಸವರಾಜ ನನ್ನ ಮುಖ ನೋಡಿದ. ನಾನು ಪ್ರಿನ್ಸಿಪಾಲರನ್ನು ಚೇಂಬರಿಗೆ ಹಿಂಬಾಲಿಸಿದೆ. ಈ ಹುಡುಗಿಗೆ ಅವಳದೇ ಲಾಗಿನ್ ಬೇಕು, ಇವತ್ತೇ ಬೇಕು, ಅವಳ ಕೆಲಸ ಅವಳ ಹೆಸರಿನಲ್ಲಿಯೇ ಎಕ್ಸಾಮಿನರ ಮುಂದೆ ಹೋಗಬೇಕು ಎಂದೆ.

ಅವರು ಕುರ್ಚಿಗೆ ಒರಗಿ, ಬಹಳ ಸೌಮ್ಯವಾಗಿ ಹೇಳಿದರು: “ಹೊದಿಕಿ ಹಾಕುಮುಂದ ನೀವ ಹೇಳಿದ್ರಲ್ರಿ ಮೇಡಂ. ಹಳೇ ಹೆಸರ್ಲೆ ಕರದ್ರೂ ಒಳಗ ಹೊಸಾದ ಕೆಲಸ ಮಾಡ್ತೈತಿ, ಯಾರ ಕೆಲಸಾನೂ ನಿಂದ್ರೂದಿಲ್ಲ ಅಂತ. ಇದೂ ಹಂಗ ಅಲ್ಲೇನು? ಹೊರಗ ಬಸವ, ಒಳಗ ನೀಲಮ್ಮ. ಕೆಲಸ ಆಗೇತಿ. ಮತ್ತೇನ್ ತಕರಾರು?”

ನನ್ನ ಪಾಠವನ್ನು ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿ ಇನ್ನೊಬ್ಬರಿಲ್ಲ.

ಅಂದು ಸಂಜೆ ನೀಲಮ್ಮ ಆ ಹಾಳೆಯನ್ನು ಮನೆಗೆ ಒಯ್ದಳು. ಮಂಗಳವಾರ ಅವಳು ಕಾಲೇಜಿಗೆ ಬರಲಿಲ್ಲ.

ಬುಧವಾರ, ಪ್ರಾಜೆಕ್ಟ್ ಪರೀಕ್ಷೆಯ ದಿನ, ಬಂದಳು. ಅವಳ ಮುಂದೆ ಅವಳ ತಂದೆ ಹನುಮಂತಪ್ಪ ಬರುತ್ತಿದ್ದರು. ಶುಭ್ರವಾದ ಧೋತರ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಸುರುಳಿ ಸುತ್ತಿದ ಹಾಳೆ. ನೀಲಮ್ಮನ ಕಣ್ಣು ಕೆಂಪಾಗಿದ್ದವು.

“ಏನಾಯಿತು?” ಎಂದೆ ಅವಳನ್ನು ಪಕ್ಕಕ್ಕೆ ಕರೆದು.

“ಹಾಳಿ ನೋಡಿ ಅಪ್ಪ ಭಾಳ ಖುಷಿ ಆದ್ರಿ. ಊರ ಹೆಸರು ಜೋರಾಗಿ ಓದಿದ್ರು. ಆಮ್ಯಾಲ ಮ್ಯಾಲಿನ ಇಂಗ್ಲಿಷ್ ಕೂಡಿಸಿ ಓದಿ, ‘ಈ ಬಸವ ಯಾರವ್ವ?’ ಅಂದ್ರು. ಹೇಳಿದೆ. ಹೇಳಿದಷ್ಟೂ ಕೆಟ್ಟಾತ್ರಿ. ಬಸವ ಯಾರಂತ ಗೊತ್ತಾಗೋತನಕ ಬಸ್ ಹತ್ತೂದು ಬ್ಯಾಡ ಅಂದ್ರು.”

“ಲಿಖಿತ ಪರೀಕ್ಷೆ?”

“ಅದೂ ಬ್ಯಾಡಂತ್ರಿ. ಮುಂದಿನ ತಿಂಗಳದ್ದು ಯಾವ್ದೂ ಬ್ಯಾಡಂತ.”

ಮೂರು ವರ್ಷದ ಡಿಪ್ಲೊಮಾ, ಒಂದು ಹಾಳೆಯ ನೆತ್ತಿಯ ಮೇಲಿನ ಒಂದು ಹೆಸರಿಗೆ ಸಿಕ್ಕಿ ನಿಂತಿತ್ತು. ಹನುಮಂತಪ್ಪನವರನ್ನು ಹಳೆಯ ಕಾಲದವರೆಂದು ಬೈದು ಮುಗಿಸುವುದು ನನಗೆ ಸುಲಭವಿತ್ತು. ಮಗಳನ್ನು ಅನುಮಾನಿಸಿದ್ದು ತಪ್ಪು, ಇಲ್ಲಿಯೇ ಹೇಳುತ್ತೇನೆ. ಆದರೆ ಆ ಹೆಸರನ್ನು ಅಲ್ಲಿ ಇಟ್ಟವರು ಅವರಲ್ಲ. ಕೋಟು ತೊಟ್ಟು, ಬಿಸ್ಕೀಟು ತಿಂದು, ಹುಡುಗಿಯರ ಸುರಕ್ಷತೆಯನ್ನು ಚರ್ಚಿಸಿದ ಸುಶಿಕ್ಷಿತರು.

ಯಮನೂರಪ್ಪ ಹನುಮಂತಪ್ಪನವರನ್ನು ಚೇಂಬರಿಗೆ ಕರೆದೊಯ್ದರು. ನಾನೂ ನೀಲಮ್ಮನೂ ಹಿಂದೆ ಹೋದೆವು.

“ನಮಸ್ಕಾರ್ರಿ ಸಾಹೇಬ್ರ. ಈ ಬಸವ ಅಂದ್ರ ಯಾರ್ರಿ?”

ಬಸವರಾಜನನ್ನು ಕರೆಸಲಾಯಿತು. ಪರೀಕ್ಷೆಗೆಂದು ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹನುಮಂತಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎತ್ತಿನ ಪೇಟೆಯಲ್ಲಿ ನೋಡುವಂತೆ.

“ಯಾವೂರಪಾ?”

“ಕುಷ್ಟಗಿ ರೀ.”

“ನಮ್ಮ ಹುಡಿಗಿ ಹಾಳಿ ಮ್ಯಾಲ ನಿನ್ನ ಹೆಸರು ಯಾಕೈತಿ?”

“ನಂಗೂ ತಿಳಿವಲ್ದ್ರಿ ಯಜಮಾನ್ರ. ನನ್ನ ಹಾಳಿ ಮ್ಯಾಲೂ ನನ್ನ ಹೆಸರ ಬರ್ತೈತಿ.”

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು ಹೊದಿಕೆಯ ಸಿದ್ಧಾಂತವನ್ನು ಮತ್ತೊಮ್ಮೆ ಮಂಡಿಸಿದರು. ಕೋಣೆ, ಚೀಲ, ಗುಮಾಸ್ತ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, “ಹೆಸರ್ನಾಗ ಏನೈತ್ರಿ ಹನುಮಂತಪ್ಪಾರ? ಕೆಲಸ ಆದ್ರ ಆತು,” ಎಂದರು.

ಹನುಮಂತಪ್ಪ ಏನೋ ಹೇಳಲು ಹೊರಟರು. ಅಷ್ಟರಲ್ಲಿ ನೀಲಮ್ಮ ಮಾತಾಡಿದಳು. ದನಿ ಚಿಕ್ಕದಾಗಿತ್ತು, ನಡುಗುತ್ತಿರಲಿಲ್ಲ.

“ಹಂಗಾದ್ರ ಸರ್, ನನ್ನ ಹೆಸರ್ಲೆ ಒಂದು ಲಾಗಿನ್ ತಗೀರಿ. ಅದಕ್ಕ ಬಸವರಾಜನ್ನ ಲಗತ್ತಿಸ್ರಿ. ಅವನ ಹಾಳಿ ಮ್ಯಾಲ ನನ್ನ ಹೆಸರು ಬರ್ಲಿ. ಕೆಲಸ ಹೆಂಗೂ ಆಕ್ಕೈತಲ್ರಿ.”

ಪ್ರಿನ್ಸಿಪಾಲರು ಬಸವರಾಜನ ಕಡೆ ನೋಡಿದರು.

“ನಂದೇನ್ ಅಡ್ಡಿಲ್ರಿ ಸರ್,” ಎಂದ ಬಸವರಾಜ.

“ನಿಂಗ ಬುದ್ಧಿ ಐತೇನಲೇ? ಹುಡುಗ ಆಗಿ ಹುಡಿಗಿ ಹೆಸರ್ಲೆ ಪರೀಕ್ಷಾಕ್ಕ ಕುಂತ್ರ ನೋಡಿದ ಮಂದಿ ಏನಂದಾರು?”

ಹನುಮಂತಪ್ಪ ಹಾಳೆಯ ಸುರುಳಿ ಬಿಚ್ಚಿ ಮೇಜಿನ ಮೇಲೆ ಇಟ್ಟರು.

“ನಾನೂ ಅದನ್ನ ಕೇಳಾಕ ಬಂದೀನ್ರಿ ಸಾಹೇಬ್ರ,” ಎಂದರು ಹನುಮಂತಪ್ಪ.

ಪ್ರಿಯ ಓದುಗರೇ, ಕರ್ನಲ್‌ನ ಹೊದಿಕೆಗೂ ನಮ್ಮ ಸಮಾಜದ ಹೊದಿಕೆಗೂ ಇರುವ ವ್ಯತ್ಯಾಸವನ್ನು ಆ ಕ್ಷಣದಲ್ಲಿ ನಾನು ಸ್ಪಷ್ಟವಾಗಿ ಕಂಡೆ. ಯಂತ್ರದಲ್ಲಿ ಹೆಸರು ಹಳೆಯದಾಗಿ ಕೆಲಸ ಹೊಸದಾಗುತ್ತದೆ. ನಮ್ಮಲ್ಲಿ ಹೆಸರು ಹೊಸದಾಗಿ ಕೆಲಸ ಹಳೆಯದೇ ನಡೆಯುತ್ತದೆ. ಮಂಡಲ ಪಂಚಾಯ್ತಿಯ ಮಹಿಳಾ ಸದಸ್ಯೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವವರು ಯಾರು? ಅವರ ಯಜಮಾನರು. ಹೆದ್ದಾರಿಯ ಚಹಾದಂಗಡಿಯಲ್ಲಿ ಎಲ್ಲರಿಗೂ ಒಂದೇ ನಮೂನೆಯ ಗ್ಲಾಸು ಬಂದಿದೆ. ಕೆಲವರ ಗ್ಲಾಸು ಮಾತ್ರ ಇನ್ನೂ ಹೊರಗಿನ ಗೂಟಕ್ಕೇ ನೇತಾಡುತ್ತಿದೆ. ಗೇಣಿದಾರನ ಹೆಸರಿಗೆ ಬಂದ ಹೊಲದಲ್ಲಿ ಭತ್ತ ಅಳೆದುಕೊಂಡು ಹೋಗುವವರು ಇಂದಿಗೂ ಹಳೆಯ ಧಣಿಗಳೇ. ಯಂತ್ರದ ಹೊದಿಕೆ ಪ್ರತಿ ಬಾರಿಯೂ ತಾನು ಹಳೆಯದೆಂದು ಪರದೆಯ ಮೇಲೆ ಒಪ್ಪಿಕೊಳ್ಳುತ್ತದೆ. ನಮ್ಮ ಹೊದಿಕೆಗಳು ಒಪ್ಪಿಕೊಂಡದ್ದನ್ನು ಯಾರಾದರೂ ಕಂಡಿದ್ದೀರಾ?

ಅಷ್ಟರಲ್ಲಿ ಎಕ್ಸಾಮಿನರು ಬಂದರೆಂದು ಯಮನೂರಪ್ಪ ತಿಳಿಸಿದರು. ಎಲ್ಲರೂ ಲ್ಯಾಬಿಗೆ ನಡೆದೆವು. ತಂದೆಯಾದವರು ಪರೀಕ್ಷೆಯ ಕೋಣೆಗೆ ಬರುವಂತಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಹನುಮಂತಪ್ಪ ಹೊಸ್ತಿಲ ಹೊರಗೆ, ಒಳಗೆ ಕಾಣುವ ಹಾಗೆ ನಿಂತರು. ನಿಯಮದಂತೆ ಅದು ಕೋಣೆಯಲ್ಲ.

ಎಕ್ಸಾಮಿನರು ಧಾರವಾಡದ ಕಡೆಯವರು, ಮಾತು ಕಡಿಮೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ದ್ದಾ’ದ ಮೇಲೆ ಒಂದು ಕ್ಷಣ ನಿಂತರು.

“ಬಸವ ಯಾರು?”

ಬಸವರಾಜ ಎದ್ದು ನಿಂತ. “ಸರ್, ಹೆಸರು ನಂದ್ರಿ, ಕೆಲಸ ನೀಲಮ್ಮಂದು. ನನ್ನ ಪ್ರಾಜೆಕ್ಟ್ ಬ್ಯಾರೆ ಐತ್ರಿ.” ಸ್ವಲ್ಪ ತಡೆದು ಸೇರಿಸಿದ: “ಅದು ಇಷ್ಟು ಛಲೋ ಇಲ್ರಿ.”

ಎಕ್ಸಾಮಿನರು ನೀಲಮ್ಮನ ಪ್ರಾಜೆಕ್ಟ್ ವರದಿಯನ್ನು ತಿರುವಿ ನೋಡಿ ಅವಳ ಕಡೆ ತಿರುಗಿದರು. “ನಡೀತಿದ್ದ ಪ್ರೋಗ್ರಾಮಿನೊಳಗಿಂದ ಹಳೇ ಹೆಸರು ಯಾಕ ಕಿತ್ತಿ? ಹೊದಿಕಿ ಇತ್ತಲ್ಲ, ಸಾಕಾಗಿತ್ತು.”

“ಸರ್, ಹಳೇ ಹೆಸರ್ಲೆ ಕೇಳಿದ್ರ ಒಂದ ಅಕ್ಷರಕ್ಕ ಒಂದ ಕೋಣಿ ಕೊಡ್ತಿತ್ತು. ಕನ್ನಡದಾಗ ಅಕ್ಷರ ಭಾಳ ಅದಾವ್ರಿ. ಕೋಣಿ ಸಾಲಲಿಲ್ಲ.”

“ಮತ್ತ ಹೊದಿಕಿ ಈಗ್ಲೂ ಹಂಗ ಐತಲ್ಲ?”

“ಅದನ್ನ ತಗಿಯಾಕ ಪ್ರಿನ್ಸಿಪಾಲ್ ಸಾಹೇಬ್ರ ಆರ್ಡರ್ ಬರಬೇಕ್ರಿ.”

ಎಕ್ಸಾಮಿನರು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ಪ್ರಿಂಟರನ್ನು ನೋಡಿದರು. ಪ್ರಶ್ನೆಗಳು ಬಹಳ ಹೊತ್ತು ನಡೆದವು. ಒತ್ತಕ್ಷರವನ್ನು ಹೇಗೆ ಇಳಿಸಿದೆ, ಸಾಲು ಮುಗಿದ ಮೇಲೆ ಜಾಗ ಬಿಟ್ಟುಕೊಡುವುದನ್ನು ಮರೆತರೆ ಏನಾಗುತ್ತದೆ. ನೀಲಮ್ಮ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಅವರು ಸಹಿಗೆಂದು ಪೆನ್ನು ತೆಗೆದರು.

“ಸರ್, ಸ್ವಲ್ಪ ಪೆನ್ನ ಕೊಡ್ತೀರಾ?” ಎಂದಳು ನೀಲಮ್ಮ.

ಕೊಟ್ಟರು. ಅವಳು ಹಾಳೆಯ ನೆತ್ತಿಯ ಮೇಲಿನ ಇಂಗ್ಲಿಷ್ ಹೆಸರಿನ ಮೇಲೆ ಒಂದು ನೇರವಾದ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ಬರೆದಳು: ನೀಲಮ್ಮ ಹನುಮಂತಪ್ಪ, ಮರಳಿ. ಎಕ್ಸಾಮಿನರು ಅದರ ಮಗ್ಗುಲಲ್ಲೇ ಸಹಿ ಹಾಕಿದರು. ಪ್ರಿನ್ಸಿಪಾಲರು ಇದು ಪದ್ಧತಿಯಲ್ಲ ಎಂದು ಹೇಳುವಷ್ಟರಲ್ಲಿ ಶಾಯಿ ಆರಿತ್ತು.

ಹೊರಗೆ ಹನುಮಂತಪ್ಪ ಮತ್ತೊಂದು ಪ್ರತಿಯ ಮೇಲೂ ಅದೇ ರೀತಿ ಬರೆಯಿಸಿಕೊಂಡು, ನಾಲ್ಕು ಮಡಿಕೆ ಮಡಚಿ ಒಳಗಿನ ಕಿಸೆಗೆ ಇಟ್ಟರು.

“ಹೆಸರು ಪೆನ್ನಿನ್ಲೆ ಬರಿಯೂದಾದ್ರ ಇಷ್ಟ ದೊಡ್ಡ ಯಂತ್ರ ಯಾಕ ತಂದೀರಿ ಮೇಡಮ್ಮಾರ?” ಎಂದು ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯದೆ ಬಸವರಾಜನ ಕಡೆ ತಿರುಗಿ, “ಖರೇ ಮಾತಾಡಿದಿ ತಮ್ಮಾ. ಓದು,” ಎಂದರು. ಮಗಳಿಗೆ, “ಮುಂದಿನ ಪರೀಕ್ಷಾ ಯಾವಾಗಿಂದ? ನಾಳಿ ಏಳರ ಬಸ್ಸಿಗೇ ಹೋಗು, ಎಂಟರದು ಭಾಳ ಗದ್ದಲ ಇರ್ತೈತಿ,” ಎಂದರು. ನೀಲಮ್ಮ ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಗುರುವಾರ ನಾನು ಕರ್ನಲ್‌ನಿಂದ ಹೊದಿಕೆಯನ್ನು ತೆಗೆದುಹಾಕಿದೆ. ಯಾರ ಆದೇಶಕ್ಕೂ ಕಾಯಲಿಲ್ಲ; ಅದನ್ನು ಕರೆಯುವವರೇ ಉಳಿದಿರಲಿಲ್ಲ. ಕಾಲೇಜಿನ ಹೊದಿಕೆಗೆ ಮಾತ್ರ ಕಮಿಟಿ ಸೇರಬೇಕಾಯಿತು. ಶನಿವಾರ ಸೇರಿತು. ಬಿಸ್ಕೀಟು ಬಂತು. ಹುಡುಗಿಯರಿಗೆ ಪ್ರತ್ಯೇಕ ಲಾಗಿನ್ ಕೊಡಬೇಕೆಂಬ ನನ್ನ ಬೇಡಿಕೆಯನ್ನು ಸರ್ವಾನುಮತದಿಂದ ಒಪ್ಪಲಾಯಿತು. ನಾನು ಚಪ್ಪಾಳೆ ತಟ್ಟಿದೆ. ತುಸು ಬೇಗನೇ ತಟ್ಟಿಬಿಟ್ಟೆ. ಮಂಜೂರಾದ ಹೆಸರುಗಳ ಹೊರಗೆ ಹೊಸ ಹೆಸರು ಕೊಡಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ, ನೀಲಮ್ಮನ ಸ್ವಂತ ಲಾಗಿನ್‌ಗೆ BASAVA2 ಎಂದು ಹೆಸರಿಡುವುದೆಂದು ಮುಂದಿನ ಸಾಲಿನಲ್ಲೇ ಠರಾವಾಯಿತು. ನನ್ನ ವಿರೋಧವನ್ನು ದಾಖಲಿಸಿಕೊಳ್ಳಲಾಯಿತು.

ನೀಲಮ್ಮ ಆ ಹೆಸರನ್ನು ಮುಟ್ಟಲಿಲ್ಲ. ಲಿಖಿತ ಪರೀಕ್ಷೆಗೆ ಓದುತ್ತಿದ್ದಾಳೆ. ಉತ್ತರಪತ್ರಿಕೆಯ ಮೇಲೆ ಅವಳ ನಂಬರು ಅವಳದೇ ಇರುತ್ತದೆ. ಅಷ್ಟು ಸಾಕೇ ಎಂದು ಕೇಳಿದೆ. “ಸಾಲೂದಿಲ್ರಿ ಮೇಡಂ, ಆದ್ರ ಮೊದ್ಲ ಪಾಸ್ ಆಗ್ತೀನಿ,” ಎಂದಳು.

ಇದನ್ನು ಬರೆಯುತ್ತಿರುವಾಗ ಹಿಟ್ನಾಳದಿಂದ ಬರುವ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು ನನ್ನ ಮೇಜಿನ ಮುಂದೆ ನಿಂತಿದ್ದಾಳೆ. ಹುಡುಗಿಯರಿಗೂ ಲಾಗಿನ್ ಸಿಗುತ್ತದೆಂಬ ಸುದ್ದಿ ಕೇಳಿ, ಬಸ್ಸಿಳಿದವಳೇ ಓಡಿ ಬಂದಿದ್ದಾಳೆ. ಮುಖದ ತುಂಬ ಸಂತೋಷ.

“ಮೇಡಂ, ನಂಗ ಬಸವ ಮೂರು ಯಾವಾಗ ಕೊಡ್ತೀರಿ?”

ಬಸವರಾಜ ಮುಂದಿನ ತಿಂಗಳು ಪರೀಕ್ಷೆ ಬರೆದು ಕಾಲೇಜು ಬಿಡುತ್ತಾನೆ. ಅವನ ಹೆಸರು ಯಾವಾಗ ಬಿಡುತ್ತದೆ?